ಮೊದಲ ಪುಸ್ತಕಕ್ಕೆ ಮುನ್ನೂರು ಓದುಗರು: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಸ ಲೇಖಕರಿಗೆ ಒಂದು ಕೈಪಿಡಿ

ಹಸ್ತಪ್ರತಿ ಅಚ್ಚಿಗೆ ಕೊಡುವ ಮುಂಚೆ ಒಂದು ದಪ್ಪ ನೋಟ್‌ಬುಕ್ ತೆಗೆದುಕೊಂಡು ಹೆಸರು ಬರೆಯಲು ಕೂಡಿ. ರೊಕ್ಕ ಕೊಟ್ಟು ನಿಮ್ಮ ಪುಸ್ತಕ ಕೊಳ್ಳಬಹುದು ಎಂದು ನಿಮಗೆ ಅನ್ನಿಸುವವರ ಹೆಸರು, ಊರು, ಫೋನ್ ನಂಬರು, ಪಿನ್‌ಕೋಡು. 'ಕನ್ನಡಿಗರೆಲ್ಲರೂ' ಎಂದು ಬರೆದರೆ ನಡೆಯುವುದಿಲ್ಲ, ಒಂದೊಂದು ಸಾಲಿಗೆ ಒಬ್ಬೊಬ್ಬ ಮನುಷ್ಯ ಬೇಕು. ಹೆಚ್ಚಿನವರ ಪಟ್ಟಿ ಅರವತ್ತು ಎಪ್ಪತ್ತಕ್ಕೆ ನಿಂತುಬಿಡುತ್ತದೆ. ಆ ಸಂಖ್ಯೆ ನೋಡಿ ಎದೆಗುಂದಬೇಕಾಗಿಲ್ಲ. ಆದರೆ ಪಟ್ಟಿಯಲ್ಲಿ ಎಪ್ಪತ್ತು ಹೆಸರು ಇಟ್ಟುಕೊಂಡು ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಉಳಿದದ್ದು ಅಟ್ಟದ ಮೇಲೆ ಗೆದ್ದಲಿಗೆ.

ಪಟ್ಟಿ ಬೆಳೆಸಬೇಕಾದದ್ದು ಪುಸ್ತಕದ ವಸ್ತುವನ್ನು ಹಿಡಿದುಕೊಂಡು. ಕಾದಂಬರಿ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನದಾದರೆ ಮೊದಲ ಓದುಗರು ಬೆಂಗಳೂರಿನ ವಿಮರ್ಶಕರಲ್ಲ. ಅವರು ಬಾಗಲಕೋಟೆಯ ನವನಗರದಲ್ಲಿ, ಬೀಳಗಿಯ ಕಡೆಯ ಪುನರ್ವಸತಿ ಕೇಂದ್ರಗಳಲ್ಲಿ, ಅಲ್ಲಿಂದ ಓದಿ ನೌಕರಿಗೆ ಹೋದ ಮಕ್ಕಳ ಮನೆಗಳಲ್ಲಿ ಇದ್ದಾರೆ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಬದುಕಿನ ಕತೆಗಳಾದರೆ ನೇಕಾರರ ಸಹಕಾರಿ ಸಂಘಗಳು, ಸಮಾಜದ ಪತ್ರಿಕೆಗಳು, ಸೀರೆ ವ್ಯಾಪಾರಸ್ಥರ ವಾಟ್ಸಾಪ್ ಗುಂಪುಗಳು. ಶ್ರೀಕೃಷ್ಣ ಪಾರಿಜಾತದ ಬಗ್ಗೆ ಬರೆದಿದ್ದರೆ ಆಟ ಆಡುವ ಮೇಳದವರು, ಆಟ ಆಡಿಸುವ ಊರ ಹಿರಿಯರು, ಜಾನಪದ ಪಾಠ ಮಾಡುವ ಅಧ್ಯಾಪಕರು. ಇಂಥ ಮೂರು ಗುಂಪು ಹಿಡಿದು, ಪ್ರತಿ ಗುಂಪಿನಲ್ಲಿ ನಾಲ್ಕು ಮಂದಿಗೆ ತಿಳಿಸುವಂಥ ಒಬ್ಬರನ್ನು ಗುರುತಿಸಿ. ಊರಲ್ಲಿ ಅಂಥವರು ಇದ್ದೇ ಇರುತ್ತಾರೆ: ನಿವೃತ್ತ ಹೆಡ್‌ಮಾಸ್ತರರು, ಗ್ರಂಥಪಾಲಕರು, ಮಠದಲ್ಲಿ ಪುರಾಣ ಹೇಳುವವರು. ಅವರಿಗೆ ಒಂದು ಪ್ರತಿ ಉಚಿತ ಕೊಡಿ. ಉಚಿತ ಪ್ರತಿ ಹೋಗಬೇಕಾದದ್ದು ಅವರಿಗೆ, ವೇದಿಕೆ ಮೇಲೆ ಕೂಡುವ ಹನ್ನೆರಡು ಗಣ್ಯರಿಗಲ್ಲ.

ಗಡಿಯಾಚೆ ಇರುವವರನ್ನೂ ಮರೆಯಬೇಡಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಕನ್ನಡ ಶಾಲೆಗಳೂ ಕನ್ನಡ ಶಿಕ್ಷಕರೂ ಇದ್ದಾರೆ. ವಿಜಯಪುರದಿಂದ ನೋಡಿದರೆ ಅವರು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಕನ್ನಡ ಪುಸ್ತಕದ ಅಂಗಡಿ ಅಲ್ಲಿ ಅಪರೂಪ ಆದ್ದರಿಂದ ಅಂಚೆಯಲ್ಲಿ ತರಿಸಿಕೊಳ್ಳುವ ರೂಢಿ ಅವರಿಗಿದೆ.

ಎಷ್ಟು ಪ್ರತಿ, ಎಷ್ಟು ಬೆಲೆ

ಮೊದಲ ಪುಸ್ತಕಕ್ಕೆ 300 ಪ್ರತಿ ಸಾಕು. 'ಸಾವಿರ ಹಾಕಿಸ್ರಿ, ಒಂದಕ್ಕ ರೇಟ್ ಕಡಿಮಿ ಬೀಳತೈತಿ' ಎಂದು ಮುದ್ರಕರು ಹೇಳುತ್ತಾರೆ. ಆ ಲೆಕ್ಕ ಸುಳ್ಳಲ್ಲ, ಆದರೆ ಅದು ಮುದ್ರಕರ ಲೆಕ್ಕ. ಲೇಖಕರ ಲೆಕ್ಕ ಹೀಗೆ ಹಾಕಿ ನೋಡಿ.

160 ಪುಟದ, ಡೆಮಿ 1/8 ಅಳತೆಯ (ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ) ಪುಸ್ತಕ, ಮುಖಬೆಲೆ 180 ರೂಪಾಯಿ. 300 ಪ್ರತಿ ಹಾಕಿಸಿದಾಗ ಒಂದಕ್ಕೆ 80 ರೂಪಾಯಿ ಬಿತ್ತೆಂದುಕೊಳ್ಳಿ, ಒಟ್ಟು 24,000. ನೇರವಾಗಿ ಓದುಗರಿಗೆ ಶೇಕಡಾ 10 ರಿಯಾಯಿತಿಯಲ್ಲಿ, ಅಂಚೆ ಮತ್ತು ಪ್ಯಾಕಿಂಗ್ ಖರ್ಚು 30 ರೂಪಾಯಿ ನೀವೇ ಹಾಕಿಕೊಂಡು ಮಾರಿದರೆ ಕೈಗೆ ಸಿಗುವುದು 132. ಅಂಗಡಿಗೆ ಶೇಕಡಾ 35 ಬಿಟ್ಟರೆ 117. ಸಗಟು ವಿತರಕರು ಶೇಕಡಾ 45ರಿಂದ 50 ಕೇಳುತ್ತಾರೆ, ಆಗ ಸಿಗುವುದು 90ರಿಂದ 99. ನೇರವಾಗಿ 150, ಅಂಗಡಿಗಳಿಂದ 60 ಪ್ರತಿ ಹೋದರೆ 26,820 ರೂಪಾಯಿ ಬಂತು. 40 ಪ್ರತಿ ವಿಮರ್ಶೆಗೆ, ಗ್ರಂಥಾಲಯಕ್ಕೆ, ಆ ನಾಲ್ಕು ಮಂದಿಗೆ ತಿಳಿಸುವವರಿಗೆ ಕೊಟ್ಟರೂ 50 ಪ್ರತಿ ಕೈಯಲ್ಲಿ ಉಳಿದವು, ಹಾಕಿದ ಬಂಡವಾಳ ತಿರುಗಿ ಬಂತು. ಈಗ ಇಷ್ಟೇ ಮಾರಾಟವನ್ನು ಸಾವಿರ ಪ್ರತಿಗೆ ಹಚ್ಚಿ: ಒಂದಕ್ಕೆ 50 ರೂಪಾಯಿಯಂತೆ 50,000 ಖರ್ಚು, 23,180 ರೂಪಾಯಿ ಕೈಬಿಟ್ಟಿತು, ಮೇಲೆ 750 ಪ್ರತಿ ಮನೆಯಲ್ಲಿ. ಪ್ರತಿಯೊಂದರ ಮುದ್ರಣ ದರ ಕಡಿಮೆಯಾಯಿತು, ರೊಕ್ಕ ಮಾತ್ರ ಹೋಯಿತು.

ಪುಟಗಳನ್ನು 16ರ ಫಾರ್ಮಿನ (ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟಿನ) ಲೆಕ್ಕಕ್ಕೆ ಹೊಂದಿಸಿ. 163 ಪುಟವಾದರೆ 176ಕ್ಕೆ ಹೋಗುತ್ತದೆ, ಹದಿಮೂರು ಬಿಳಿ ಪುಟಕ್ಕೂ ನೀವೇ ರೊಕ್ಕ ಕೊಡಬೇಕು. ಆ ಮೂರು ಪುಟ ಉಳಿಸುವ ಸುಲಭ ದಾರಿ ಮುನ್ನುಡಿಗಳನ್ನು ಕತ್ತರಿಸುವುದು. ಮುನ್ನುಡಿ, ಹಿನ್ನುಡಿ, ಶುಭನುಡಿ, ಆಶೀರ್ವಚನ, ಪ್ರಕಾಶಕರ ಮಾತು, ಲೇಖಕರ ಅರಿಕೆ ಎಲ್ಲ ದಾಟಿ ಕತೆ ಇಪ್ಪತ್ತೈದನೆಯ ಪುಟಕ್ಕೆ ಶುರುವಾಗುವ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಗಡಿಯಲ್ಲಿ ನಿಂತು ಪುಟ ತಿರುವುವವನಿಗೆ ಮೊದಲು ಸಿಗಬೇಕಾದದ್ದು ನಿಮ್ಮ ಗದ್ಯ. ಒಂದು ಮುನ್ನುಡಿ, ಎಂಬತ್ತು ಶಬ್ದದ ಒಂದು ಬೆನ್ನುಡಿ, ಅಷ್ಟಕ್ಕೆ ನಿಲ್ಲಿಸಿ. ಬೆನ್ನುಡಿಯಲ್ಲಿ 'ಭರವಸೆಯ ಲೇಖಕ' ಎಂಬ ಮಾತು ಬೇಡ. ಊರು ಯಾವುದು, ಯಾರ ಕತೆ, ಏನು ತೊಡಕು ಎಂಬುದು ಇರಲಿ.

ಅಚ್ಚಿನ ಮನೆಯಲ್ಲಿ ಕೇಳಿ ಪಡೆಯಬೇಕಾದದ್ದು

ನಮ್ಮ ಕಡೆಯ ಬಹಳಷ್ಟು ಡಿಟಿಪಿ ಕೇಂದ್ರಗಳಲ್ಲಿ ಪುಟ ಕಟ್ಟುವುದು ಇಂದಿಗೂ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿ. ಅಚ್ಚಿಗೆ ಅದರಿಂದ ತೊಂದರೆ ಇಲ್ಲ. ಆದರೆ ಅದೇ ಕಡತದಿಂದ ಒಂದು ಪ್ಯಾರಾ ನಕಲು ಮಾಡಿ ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ, ಗೂಗಲ್‌ಗೂ ಅದು ಕನ್ನಡ ಎಂದು ತಿಳಿಯುವುದಿಲ್ಲ. ಪ್ರಚಾರಕ್ಕೂ ಇ-ಪುಸ್ತಕಕ್ಕೂ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಪಠ್ಯವೇ ಬೇಕು. ಪರಿವರ್ತಕಗಳಿವೆ, ಆದರೆ ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಅಲ್ಲಲ್ಲಿ ಕೆಡುತ್ತವೆ, ಇನ್ನೊಂದು ಸಲ ಕರಡು ತಿದ್ದಬೇಕಾಗುತ್ತದೆ. ಆದ್ದರಿಂದ ಮೊದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಆ ಕಡತದ ಒಂದು ಪ್ರತಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅಚ್ಚಿನ ಮನೆಯಲ್ಲಿ ಕೊನೆಯ ತಿದ್ದುಪಡಿಗಳು ಅವರ ಕಡತದಲ್ಲಿ ಮಾತ್ರ ಆಗುತ್ತವೆ, ಅವನ್ನು ನಿಮ್ಮದರಲ್ಲೂ ಅಂದೇ ತಿದ್ದಿಕೊಳ್ಳಿ.

ಹೊರಡುವ ಮುಂಚೆ ಇಷ್ಟು ಕೇಳಿ ತನ್ನಿ: ಮುಖಪುಟದ ಮುಂಭಾಗ ಮಾತ್ರ ಇರುವ ಸ್ಪಷ್ಟ ಚಿತ್ರ (ಮುದ್ರಣದ ಬಣ್ಣಕ್ಕಲ್ಲ, ಫೋನ್ ಪರದೆಯ ಬಣ್ಣಕ್ಕೆ ಮಾಡಿದ್ದು), ಪೂರ್ತಿ ಪುಸ್ತಕದ ಪಿಡಿಎಫ್, ಮೊದಲ ಅಧ್ಯಾಯದ್ದೇ ಬೇರೆ ಪಿಡಿಎಫ್. ಮುಖಪುಟದ ಚಿತ್ರವನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಸಣ್ಣದು ಮಾಡಿ ನೋಡಿ. ಹೆಸರು ಓದಲು ಬರದಿದ್ದರೆ ಅಕ್ಷರ ದೊಡ್ಡದು ಮಾಡಿಸಿ, ಏಕೆಂದರೆ ಹೆಚ್ಚಿನ ಓದುಗರು ಅದನ್ನು ಮೊದಲು ನೋಡುವುದು ಆ ಅಳತೆಯಲ್ಲೇ.

ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಕೊಡುತ್ತದೆ, ಸ್ವಂತ ಪ್ರಕಟಣೆ ಮಾಡುವ ಲೇಖಕರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. 'ನಂಬರ್ ಕೊಡಿಸ್ತೀವಿ, ಮೂರು ಸಾವಿರ' ಎನ್ನುವವರಿಗೆ ಕೈ ಮುಗಿಯಿರಿ. ಆದರೆ ಬಿಡುಗಡೆಯ ಹಿಂದಿನ ವಾರ ಅರ್ಜಿ ಹಾಕಿ ಗಡಿಬಿಡಿ ಮಾಡಬೇಡಿ, ಕನಿಷ್ಠ ಎರಡು ತಿಂಗಳು ಮುಂಚೆ ಹಾಕಿ. ಅಚ್ಚಿನ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು.

ಪ್ರಕಟಣೆಯ ವಿವರ ಇರುವ ಪುಟದಲ್ಲಿ ಪ್ರಕಾಶಕರ ಹೆಸರು, ಪೂರ್ತಿ ವಿಳಾಸ, ಮುದ್ರಕರ ಹೆಸರು, ವರ್ಷ, ಪುಟ, ಬೆಲೆ, ಫೋನ್ ನಂಬರು ಎಲ್ಲವೂ ಇರಲಿ. ಬಂದ ಹೊಸ ಪುಸ್ತಕಗಳ ವಿವರ ಹಾಕುವ, ಪತ್ರಿಕೆಗಳ 'ಸಾದರ ಸ್ವೀಕಾರ' ಅಂಕಣದವರು ಈ ಪುಟ ನೋಡಿಯೇ ವಿವರ ಬರೆದುಕೊಳ್ಳುತ್ತಾರೆ. ಅಲ್ಲಿ ಫೋನ್ ಇಲ್ಲವೆಂದರೆ ಅಂಕಣದಲ್ಲೂ ಇರುವುದಿಲ್ಲ, ಓದಿದವನಿಗೆ ತರಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಯುಪಿಐ ಕ್ಯೂಆರ್ ಚಿತ್ರವನ್ನು ಮಾತ್ರ ಪುಸ್ತಕದಲ್ಲಿ ಅಚ್ಚು ಹಾಕಿಸಬೇಡಿ. ಬ್ಯಾಂಕ್ ಖಾತೆ ಬದಲಾದರೆ ಮುನ್ನೂರು ಪ್ರತಿಯಲ್ಲೂ ತಪ್ಪು ಚಿತ್ರ ಉಳಿಯುತ್ತದೆ. ಪುಟಗುರುತಿನ ಚೀಟಿಯ ಮೇಲೆ ಹಾಕಿಸಿ.

ಮುಂಗಡ ಕೇಳಿಕೆ

ಅಚ್ಚಿಗೆ ಹೋಗುವ ಒಂದು ತಿಂಗಳ ಮುಂಚೆ ಪಟ್ಟಿಯಲ್ಲಿದ್ದವರಿಗೆ ಒಬ್ಬೊಬ್ಬರಿಗೇ ಸಂದೇಶ ಕಳಿಸಿ. ಗುಂಪಿಗೆ ಹಾಕಿದ ಪೋಸ್ಟರ್‌ಗೆ ಹೆಬ್ಬೆರಳು, ಹೂಗುಚ್ಛ, 'ಅಭಿನಂದನೆಗಳು ಸರ್' ಬರುತ್ತವೆ, ಆದೇಶ ಬರುವುದಿಲ್ಲ. ಹೆಸರು ಹಿಡಿದು ಕೇಳಿದವನಿಗೆ ಮಾತ್ರ ಹೂಂ ಅಥವಾ ಉಹೂಂ ಎನ್ನಬೇಕಾಗುತ್ತದೆ. ಸಂದೇಶ ಐದು ಸಾಲು ಮೀರದಿರಲಿ:

'ನಮಸ್ಕಾರ ಪಾಟೀಲ ಸರ್. ನನ್ನ ಮೊದಲ ಕಥಾಸಂಕಲನ ಮುಂದಿನ ತಿಂಗಳು ಬರುತ್ತಿದೆ. ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ಹತ್ತು ಕತೆಗಳು, 160 ಪುಟ, ಬೆಲೆ 180. ಈ ತಿಂಗಳ ಕೊನೆಯೊಳಗೆ ಹೇಳಿದವರಿಗೆ ಅಂಚೆ ಸೇರಿ 162ಕ್ಕೆ ಕಳಿಸುತ್ತೇನೆ. ಒಂದು ಕತೆಯ ಮೊದಲ ಎರಡು ಪುಟ ಕೆಳಗಿದೆ, ಓದಿ ನೋಡಿ. ಬೇಕೆನಿಸಿದರೆ ವಿಳಾಸ, ಪಿನ್‌ಕೋಡ್ ಕಳಿಸಿ.'

ಕೆಳಗೆ ಹಾಕುವ ಕತೆಯ ತುಣುಕು ಪಿಡಿಎಫ್ ಆಗಿರುವುದು ಬೇಡ. ಫೋನಿನಲ್ಲಿ ಪಿಡಿಎಫ್ ತೆರೆದು, ಹಿಗ್ಗಿಸಿ, ಆಚೆ ಈಚೆ ಸರಿಸಿ ಓದುವ ತಾಳ್ಮೆ ಕಡಿಮೆ ಜನಕ್ಕಿದೆ. ಯೂನಿಕೋಡ್ ಪಠ್ಯವನ್ನೇ ಅಂಟಿಸಿ. ತುಣುಕು ಪೂರ್ತಿ ಮುಗಿಯುವ ಜಾಗದಲ್ಲಿ ನಿಲ್ಲಿಸದೆ, ಮುಂದೇನಾಯಿತು ಎಂಬ ಪ್ರಶ್ನೆ ಏಳುವ ಜಾಗದಲ್ಲಿ ನಿಲ್ಲಿಸಿ.

ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. 'ಯಾರೂ ಉತ್ತರ ಕೊಡ್ಲಿಲ್ಲ' ಎಂದು ಬೇಸರ ಮಾಡಿಕೊಳ್ಳುವ ಎಷ್ಟೋ ಲೇಖಕರ ಸಂದೇಶ ಹೋಗಿಯೇ ಇರುವುದಿಲ್ಲ. ಗುರುತಿಲ್ಲದ ನೂರಾರು ನಂಬರಿಗೆ ಒಂದೇ ದಿನ ಒಂದೇ ಸಂದೇಶ ತಳ್ಳಿದರೆ ದೂರು ಬಿದ್ದು ಖಾತೆಯೇ ಬಂದ್ ಆಗುವುದುಂಟು. ದಿನಕ್ಕೆ ಹದಿನೈದು ಇಪ್ಪತ್ತು ಮಂದಿಗೆ, ಹೆಸರು ಬದಲಿಸಿ ಕಳಿಸಿ. ಸರ್ಕಾರಿ ನೌಕರರು, ಶಿಕ್ಷಕರನ್ನು ಕೇಳುವುದಿದ್ದರೆ ತಿಂಗಳ ಮೊದಲ ವಾರ ಒಳ್ಳೆಯದು. ಕಾರಣ ಹೇಳಬೇಕಾಗಿಲ್ಲ.

ನೂರು ಮಂದಿಯನ್ನು ಕೇಳಿದ ಮೇಲೆ ಬಂದ ಖಚಿತ ಆದೇಶ ಎಷ್ಟೆಂದು ಎಣಿಸಿ, ಆ ಮೇಲೆ ಮುದ್ರಣದ ಸಂಖ್ಯೆ ನಿರ್ಧರಿಸಿ. ಹತ್ತು ಕೂಡ ಬರದಿದ್ದರೆ 100 ಪ್ರತಿ ಡಿಜಿಟಲ್ ಮುದ್ರಣ ಮಾಡಿಸಿ. ಒಂದರ ದರ ಜಾಸ್ತಿ ಬಿದ್ದರೂ ಒಟ್ಟು ರೊಕ್ಕ ಕಡಿಮೆ ಸಿಕ್ಕಿಬೀಳುತ್ತದೆ.

ಓದುಗರ ಪಟ್ಟಿ ಹಿಡಿದು ಪುಸ್ತಕ ತರುವ ಈ ದಾರಿ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಚಂದಾದಾರರಿರುವ ಪತ್ರಿಕೆ ಎಂದರೆ ವಿಳಾಸ ಗೊತ್ತಿರುವ ಓದುಗರ ಪಟ್ಟಿ. ಇಂದು ಆ ಕೆಲಸವನ್ನು ತಿಂಗಳಿಗೊಮ್ಮೆ ಕಳಿಸುವ ಒಂದು ಸಣ್ಣ ಬರಹ ಮಾಡೀತು, ಓದಲು ಒಪ್ಪಿದವರಿಗಷ್ಟೇ ಕಳಿಸಿದರೆ.

ಬಿಡುಗಡೆ ಸಮಾರಂಭ

ಸಭಾಭವನದ ಬಾಡಿಗೆ, ಮೈಕು, ಬ್ಯಾನರು, ಶಾಲು, ಹಾರ-ತುರಾಯಿ, ನೆನಪಿನ ಕಾಣಿಕೆ, ಉಪ್ಪಿಟ್ಟು-ಶಿರಾ. ಎಲ್ಲ ಸೇರಿ ಇಪ್ಪತ್ತು ಸಾವಿರ ಸುಲಭವಾಗಿ ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಇನ್ನೊಮ್ಮೆ ಮುದ್ರಣ ಮಾಡಿಸುವಷ್ಟು. ಬಂದವರು ಬಂಧುಗಳು, ಅವರಿಗೆ ಪುಸ್ತಕವನ್ನು ಸುಮ್ಮನೆ ಕೊಡಬೇಕೆಂಬ ನಿರೀಕ್ಷೆ ಬೇರೆ. ಒಂಬತ್ತು ಭಾಷಣ ಮುಗಿಯುವ ಹೊತ್ತಿಗೆ ಪುಸ್ತಕದ ಮೇಜಿನ ಹತ್ತಿರ ಯಾರೂ ಇರುವುದಿಲ್ಲ, ಎಲ್ಲರೂ ಊಟದ ಸಾಲಿನಲ್ಲಿ.

ಮಾಡಲೇಬೇಕೆಂದರೆ ಸಣ್ಣದಾಗಿ ಮಾಡಿ. ವೇದಿಕೆಯ ಮೇಲೆ ಮೂವರು: ಬಿಡುಗಡೆ ಮಾಡುವವರು, ಪುಸ್ತಕ ಓದಿ ಬಂದು ಮಾತಾಡುವವರು ಒಬ್ಬರು, ನೀವು. ಮಾತಾಡುವವರಿಗೆ ಹದಿನೈದು ದಿನ ಮುಂಚೆ ಅಚ್ಚಾದ ಪ್ರತಿಯೋ ಪುಟಕಟ್ಟಿದ ಪ್ರತಿಯೋ ಮುಟ್ಟಿರಬೇಕು. ಮುಟ್ಟದಿದ್ದರೆ ಅವರು ಕನ್ನಡ ಸಾಹಿತ್ಯ ಪರಂಪರೆಯ ಬಗ್ಗೆ ಮಾತಾಡಿ ಇಳಿಯುತ್ತಾರೆ. ನೀವು ಏಳು ನಿಮಿಷ ಒಂದು ಭಾಗ ಓದಿ. ಮಾರಾಟದ ಮೇಜು ಬಾಗಿಲಿನ ಹತ್ತಿರ, ಊಟದ ಕೋಣೆಗೆ ಹೋಗುವ ದಾರಿಯಲ್ಲಿ ಇರಲಿ, ಅಲ್ಲಿ ನಿಮ್ಮವರಲ್ಲದ ಒಬ್ಬರನ್ನು ಕೂಡಿಸಿ. ತಮ್ಮನನ್ನೋ ಸೋದರಳಿಯನನ್ನೋ ಕೂಡಿಸಿದರೆ ಬಂಧುಗಳ ಹತ್ತಿರ ರೊಕ್ಕ ಕೇಳಲು ಅವನಿಗೆ ಸಂಕೋಚ. 20, 50ರ ಚಿಲ್ಲರೆ, ಎರಡು ಪೆನ್ನು, ಕ್ಯೂಆರ್ ಫಲಕ, ಹೆಸರು-ಫೋನ್ ಬರೆಸಿಕೊಳ್ಳುವ ನೋಟ್‌ಬುಕ್. 'ಸಹಿ ಬೇಕಾದ್ರ ಇಲ್ಲಿ ಬರ್ರಿ' ಎಂದು ಮೈಕಿನಲ್ಲಿ ಒಮ್ಮೆ ಹೇಳಿಸಿ.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಇಪ್ಪತ್ತು ಮಂದಿಯ ಓದು. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಗುಡಿಯ ಪಡಸಾಲೆ, ಯಾರದೋ ಮನೆಯ ಅಂಗಳ ಏನಾದರೂ ಆದೀತು. ನಲವತ್ತು ನಿಮಿಷ, ಎರಡು ಭಾಗ ಓದಿ, ಉಳಿದದ್ದು ಮಾತುಕತೆ. 15 ಪ್ರತಿ ಒಯ್ದರೆ ಸಾಕು. ಕತೆಯಲ್ಲಿ ನಮ್ಮ ಕಡೆಯ ಮಾತು ಇದ್ದರೆ ಅದನ್ನು ಅಂಜದೆ, ಆಡುವ ಧಾಟಿಯಲ್ಲೇ ಓದಿ. ಅದೇ ಓದನ್ನು ಫೋನಿನಲ್ಲಿ ಮೂರು ನಿಮಿಷ ಧ್ವನಿಮುದ್ರಣ ಮಾಡಿಕೊಂಡರೆ ವಾಟ್ಸಾಪ್ ಸ್ಟೇಟಸ್‌ಗೂ ರೀಲ್ಸ್‌ಗೂ ಬಂತು. ಹಿಂದೆ ಫ್ಯಾನ್ ಸದ್ದು ಬಾರದ ಕೋಣೆ ಹುಡುಕಿ, ಬೇಸಿಗೆಯಲ್ಲಿ ಕಷ್ಟವೇ.

ಅಂಗಡಿ, ಅಂಚೆ, ಕಾರ್ಗೋ

ಪುಸ್ತಕದಂಗಡಿಗಳು ಹೊಸ ಲೇಖಕರ ಪುಸ್ತಕವನ್ನು ರೊಕ್ಕ ಕೊಟ್ಟು ಕೊಳ್ಳುವುದು ಕಡಿಮೆ. ಮಾರಿದ ಮೇಲೆ ಲೆಕ್ಕ ಎನ್ನುತ್ತಾರೆ. ಅದಕ್ಕೆ ಒಪ್ಪಿ, ಆದರೆ ಅಂಗಡಿಗೆ ಐದೇ ಪ್ರತಿ ಇಡಿ. ಐವತ್ತು ಇಟ್ಟರೆ ಕಟ್ಟು ಬಿಚ್ಚದೆ ಒಳಗಿನ ಕೋಣೆಗೆ ಹೋಗುತ್ತದೆ. ಐದು ಇಟ್ಟರೆ ಮೇಜಿನ ಮೇಲೆ ಜಾಗ ಸಿಗುತ್ತದೆ. ಚಲನ್ (ಪುಸ್ತಕ ಒಪ್ಪಿಸಿದ ಚೀಟಿ) ಎರಡು ಪ್ರತಿ ಮಾಡಿ: ಪುಸ್ತಕದ ಹೆಸರು, ಪ್ರತಿಗಳು, ಮುಖಬೆಲೆ, ರಿಯಾಯಿತಿ, ಲೆಕ್ಕ ಮಾಡುವ ದಿನ, ಮಾರದ ಪ್ರತಿ ಸುಸ್ಥಿತಿಯಲ್ಲಿ ತಿರುಗಿ ಕೊಡುವ ಮಾತು, ಅಂಗಡಿಯ ಸಿಕ್ಕೆ, ಸಹಿ. ಅರವತ್ತು ದಿನಕ್ಕೆ ಸರಿಯಾಗಿ ಹೋಗಿ. ವರ್ಷ ಬಿಟ್ಟು ಹೋದರೆ ಚಲನ್ ಇದ್ದರೂ ಪುಸ್ತಕ ಇರುವುದಿಲ್ಲ, ಕೆಲಸದ ಹುಡುಗನೂ ಬದಲಾಗಿರುತ್ತಾನೆ. ಪುಸ್ತಕದಂಗಡಿ ಇಲ್ಲದ ಊರಿನಲ್ಲಿ ಸ್ಟೇಷನರಿ ಅಂಗಡಿ, ಮಠದ ಮುಂದಿನ ಪೂಜಾ ಸಾಮಾನಿನ ಅಂಗಡಿಗಳನ್ನು ಕೇಳಿ ನೋಡಿ. ಶ್ರಾವಣದಲ್ಲಿ ಮಠಗಳಲ್ಲಿ ತಿಂಗಳಿಡೀ ಪ್ರವಚನ ನಡೆಯುತ್ತದೆ, ಶರಣ ಸಾಹಿತ್ಯದ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಪುಸ್ತಕ ಕಳಿಸಲು ಈಗ ಅಂಚೆ ಇಲಾಖೆಯ ಜ್ಞಾನ್ ಪೋಸ್ಟ್ ಸೇವೆ ಇದೆ, 2025ರ ಮೇ 1ರಿಂದ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ನೆಲಮಾರ್ಗದಲ್ಲಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿದೆ ಎಂದು ನೋಡಿಕೊಳ್ಳಲು ಬರುತ್ತದೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಒಳಗೆ ಖಾಸಗಿ ಪತ್ರ, ಬೇರೆ ಸಾಮಾನು ತುರುಕಬೇಡಿ. ಇಲ್ಲಿ ತೂಕದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಡೆಮಿ 1/8 ಅಳತೆಯ ಒಂದು ಹಾಳೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಸುಮಾರು 2.1 ಗ್ರಾಂ. 160 ಪುಟ ಎಂದರೆ 80 ಹಾಳೆ, 169 ಗ್ರಾಂ. 300 ಜಿಎಸ್‌ಎಂ ರಕ್ಷಾಪುಟಕ್ಕೆ 19 ಗ್ರಾಂ ಸೇರಿಸಿದರೆ 190ರ ಹತ್ತಿರ, ಲಕೋಟೆ ಸೇರಿದರೂ 300ರೊಳಗೆ ಆರಾಮ. 240 ಪುಟಕ್ಕೆ ಹೋದರೆ ಪುಸ್ತಕವೇ 272 ಗ್ರಾಂ, ದಪ್ಪ ಲಕೋಟೆ ಹಾಕಿದರೆ ಮಿತಿ ದಾಟಿತು. ಅಂದರೆ ಪುಟ, ಕಾಗದ ನಿರ್ಧರಿಸುವಾಗಲೇ ಅಂಚೆಯ ಖರ್ಚೂ ನಿರ್ಧಾರವಾಗುತ್ತದೆ. 80 ಜಿಎಸ್‌ಎಂ ಕಾಗದ ಚೆಂದ ಕಾಣುತ್ತದೆ ಎಂದು ಒಪ್ಪಿಕೊಳ್ಳುವ ಮುಂಚೆ ತಕ್ಕಡಿ ನೋಡಿ.

ಬೇಗ ಮುಟ್ಟಬೇಕೆಂದರೆ ಸ್ಪೀಡ್ ಪೋಸ್ಟ್. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಅದರಲ್ಲೇ ಸೇರಿಹೋಗಿದೆ. ಊರಿಂದೂರಿಗೆ ಕಟ್ಟುಗಳನ್ನು ಕಳಿಸಲು ಸಾರಿಗೆ ಸಂಸ್ಥೆಗಳ 'ನಮ್ಮ ಕಾರ್ಗೋ' ಇದೆ. ಕಟ್ಟಿಗೆ 20 ಪ್ರತಿ ಮೀರದಂತೆ, ಕಂದು ಕಾಗದದ ಒಳಗೆ ಒಂದು ಪದರ ಪ್ಲಾಸ್ಟಿಕ್ ಇಟ್ಟು ಕಟ್ಟಿ. ಸುತಲಿ ನೇರವಾಗಿ ಪುಸ್ತಕದ ಅಂಚಿಗೆ ತಗುಲಿದರೆ ಮೇಲಿನ ಮತ್ತು ಕೆಳಗಿನ ಪ್ರತಿಯ ರಕ್ಷಾಪುಟ ಸೀಳುತ್ತದೆ, ಎರಡೂ ಕಡೆ ರಟ್ಟು ಇಡಿ.

ಜಾತ್ರೆ, ಉತ್ಸವ, ಸಮ್ಮೇಳನ

ಗದ್ದಲ ಇದ್ದಲ್ಲೆಲ್ಲ ಗಿರಾಕಿ ಇಲ್ಲ. ಬೆಳಗಾವಿಯ ರಾಜ್ಯೋತ್ಸವ ಮೆರವಣಿಗೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಕನ್ನಡದ ಅಭಿಮಾನ ಉಕ್ಕುವ ಜಾಗವೂ ಹೌದು, ಆದರೆ ಡಾಲ್ಬಿ ಸದ್ದಿನ ನಡುವೆ ಪುಸ್ತಕ ತಿರುವಿ ನೋಡುವವರು ಯಾರು? ಆ ದಿನ ಮೇಜು ಹಾಕಬೇಡಿ. ನವೆಂಬರ್ ತಿಂಗಳಿಡೀ ಶಾಲೆ, ಕಾಲೇಜು, ಕಚೇರಿ, ಬ್ಯಾಂಕುಗಳಲ್ಲಿ ನಡೆಯುವ ಸಣ್ಣ ರಾಜ್ಯೋತ್ಸವಗಳಿಗೆ ಹೋಗಿ. ಅಲ್ಲಿ ಬಹುಮಾನವಾಗಿ ಸ್ಟೀಲ್ ತಟ್ಟೆ ಕೊಡುವ ಬದಲು ಪುಸ್ತಕ ಕೊಡಿ ಎಂದು ಅಕ್ಟೋಬರ್‌ನಲ್ಲೇ ಸಂಘಟಕರನ್ನು ಒಪ್ಪಿಸಿದರೆ ಹತ್ತು ಇಪ್ಪತ್ತು ಪ್ರತಿ ಒಮ್ಮೆಲೇ ಹೋಗುತ್ತವೆ.

ಬಾದಾಮಿಯ ಬನಶಂಕರಿ ಜಾತ್ರೆ, ಸವದತ್ತಿಯ ಯಲ್ಲಮ್ಮನ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗಳಲ್ಲಿ ಹೋಗುವುದು ಮೂವತ್ತರಿಂದ ಅರವತ್ತು ರೂಪಾಯಿಯ ಪುಸ್ತಕ: ತ್ರಿಪದಿ, ಗಾದೆ, ಪವಾಡ ಕತೆ, ಮಕ್ಕಳ ಹಾಡು. ಇನ್ನೂರೈವತ್ತರ ಕಾದಂಬರಿ ಅಲ್ಲಿ ಧೂಳು ತಿನ್ನುತ್ತದೆ, ಅಕ್ಷರಶಃ. ಬನಶಂಕರಿಯಲ್ಲಿ ನಾಟಕ ಕಂಪನಿಗಳು ಬೀಡುಬಿಡುತ್ತವೆ ಎಂಬುದನ್ನು ಬಲ್ಲವರು ನಾಟಕದ ಪುಸ್ತಕ ಇದ್ದರೆ ಅದನ್ನು ಅಲ್ಲಿ ಒಯ್ಯಬಹುದು. ಜನವರಿಯಲ್ಲಿ ಕೂಡಲಸಂಗಮದ ಶರಣ ಮೇಳ ವಚನ ಸಾಹಿತ್ಯಕ್ಕೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ಇತಿಹಾಸಕ್ಕೆ.

ಸಾಹಿತ್ಯದ ಪುಸ್ತಕಕ್ಕೆ ಜಿಲ್ಲಾ, ತಾಲೂಕು ಸಾಹಿತ್ಯ ಸಮ್ಮೇಳನಗಳೇ ಗಟ್ಟಿ. ಮಳಿಗೆಗಾಗಿ ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಘಟಕವನ್ನು ತಿಂಗಳ ಮುಂಚೆ ಕೇಳಿ. ಒಬ್ಬರೇ ಒಂದು ಪುಸ್ತಕ ಇಟ್ಟುಕೊಂಡು ಕೂತರೆ ಜನ ಮುಜುಗರದಿಂದ ದಾಟಿಹೋಗುತ್ತಾರೆ. ನಾಲ್ಕೈದು ಲೇಖಕರು ಕೂಡಿ ಹದಿನೈದು ಶೀರ್ಷಿಕೆ ಇಟ್ಟರೆ ನಿಂತು ನೋಡುತ್ತಾರೆ, ಬಾಡಿಗೆಯೂ ಹಂಚಿಹೋಗುತ್ತದೆ.

ಮಾರ್ಚ್, ಏಪ್ರಿಲ್ ಪರೀಕ್ಷೆಯ ಕಾಲ, ವಿದ್ಯಾರ್ಥಿಗಳ ಕಡೆ ಹೋಗಬೇಡಿ. ಆದರೆ ಕಾಲೇಜು ಗ್ರಂಥಾಲಯಗಳು ಮಾರ್ಚ್ 31ರೊಳಗೆ ಅನುದಾನ ಖರ್ಚು ಮಾಡಬೇಕಿರುತ್ತದೆ. ಜನವರಿಯಲ್ಲೇ ಗ್ರಂಥಪಾಲಕರನ್ನು ಕಂಡು ಒಂದು ಪ್ರತಿ ತೋರಿಸಿ, ದರಪಟ್ಟಿ ಕೊಟ್ಟು ಬನ್ನಿ. ಅವರಿಗೆ ಬೇಕಾದದ್ದು ಕ್ರಮಸಂಖ್ಯೆ ಇರುವ ಬಿಲ್ಲು, ಪ್ಯಾನ್, ಬ್ಯಾಂಕ್ ಖಾತೆಯ ವಿವರ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಬಿಲ್ಲಿನಲ್ಲಿ ಬರೆದರೆ ಲೆಕ್ಕಪತ್ರದವರ ಪ್ರಶ್ನೆ ತಪ್ಪುತ್ತದೆ.

ಪತ್ರಿಕೆ, ರೇಡಿಯೋ, ಬಹುಮಾನ

ಹುಬ್ಬಳ್ಳಿಯಿಂದ ಹೊರಡುವ ದಿನಪತ್ರಿಕೆಗಳ ಭಾನುವಾರದ ಪುರವಣಿ, ಮಾಸಿಕಗಳು, ಸ್ಥಳೀಯ ಪತ್ರಿಕೆಗಳಿಗೆ ಪುಸ್ತಕ ಬಂದ ಮೊದಲ ತಿಂಗಳಲ್ಲೇ ಎರಡೆರಡು ಪ್ರತಿ ಕಳಿಸಿ. ಅರ್ಧ ಪುಟದ ಪತ್ರ ಸಾಕು, ಪುಸ್ತಕದಲ್ಲಿ ಏನಿದೆ ಎಂಬುದಷ್ಟೇ ಇರಲಿ. ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿದರೆ ವಿಮರ್ಶೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಜಿಲ್ಲಾ ವರದಿಗಾರರಿಗೆ ಪುಸ್ತಕ ಸುದ್ದಿಯಲ್ಲ, ಪುಸ್ತಕದೊಳಗಿನ ವಿಷಯ ಸುದ್ದಿಯಾದೀತು, ಹಾಗೆ ಹೇಳಿ. ಆಕಾಶವಾಣಿಯ ಧಾರವಾಡ ಮತ್ತು ವಿಜಯಪುರ ಕೇಂದ್ರಗಳು, ಬೆಳಗಾವಿಯ ಕೆಎಲ್‌ಇ ವೇಣುಧ್ವನಿ ಸಮುದಾಯ ರೇಡಿಯೋಗಳಿಗೆ ಪತ್ರ ಬರೆದು ಕಥಾವಾಚನ ಅಥವಾ ಸಂದರ್ಶನಕ್ಕೆ ಅವಕಾಶ ಕೇಳಿ. ಪುಸ್ತಕದ ಪೇಟೆಯಿಂದ ದೂರ ಇರುವ ಹಳ್ಳಿಯ ಓದುಗರು ಇಂದಿಗೂ ರೇಡಿಯೋ ಕೇಳುತ್ತಾರೆ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಅರ್ಜಿ ಹೋಗಬೇಕಾದದ್ದು ಹಸ್ತಪ್ರತಿಯ ಹಂತದಲ್ಲಿ, ಆದ್ದರಿಂದ ಅಚ್ಚು ಹಾಕಿಸುವ ಅವಸರಕ್ಕೆ ಮುಂಚೆ ಆ ವರ್ಷ ಅರ್ಜಿ ಕರೆಯುವ ಪ್ರಕಟಣೆ ನೋಡಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆ ಇರುವುದು ವಿಜಯಪುರ ಜಿಲ್ಲೆಯ ಹಲಸಂಗಿಯ ಕವಿ ಮಧುರಚೆನ್ನರ ಹೆಸರಿನದು, ನಮ್ಮ ಕಡೆಯವರಿಗೆ ಅದು ಬಿಟ್ಟುಕೊಡುವಂಥದ್ದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ. ಬಹುಮಾನಗಳು ಪ್ರಕಟಣೆಯ ವರ್ಷವನ್ನು ನೋಡುತ್ತವೆ. ಡಿಸೆಂಬರ್ ಕೊನೆಗೆ ಪುಸ್ತಕ ಬಂದರೆ ಅದು ಯಾರಿಗೂ ಮುಟ್ಟುವ ಮುಂಚೆ ಅದರ ವರ್ಷ ಮುಗಿದಿರುತ್ತದೆ, ಎರಡು ವಾರ ತಡೆದು ಜನವರಿಗೆ ತನ್ನಿ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಪ್ರತಿ ಹೆಚ್ಚಿಸಬೇಡಿ. ಆಯ್ಕೆಯೂ ತಡ, ಹಣವೂ ತಡ. ಆದೇಶ ಕೈಗೆ ಬಂದ ಮೇಲೆ ಆ ಸಂಖ್ಯೆಗೆ ಬೇರೆ ಮುದ್ರಣ ಮಾಡಿಸಿದರಾಯಿತು. ಇನ್ನು 1954ರ ಪುಸ್ತಕ ಒಪ್ಪಿಸುವಿಕೆ ಕಾಯಿದೆಯಂತೆ ಪ್ರಕಟಣೆಯ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಯಾದರೆ ಆ ಹೊಣೆ ನಿಮ್ಮದೇ, ಉಚಿತ ಪ್ರತಿಗಳ 40ರಲ್ಲಿ ಈ ನಾಲ್ಕನ್ನು ಎಣಿಸಿಕೊಂಡಿರಿ.

ಅಚ್ಚಿನ ಪ್ರತಿ ಹೊರಗೆ ಬಂದು ಮೂರು ತಿಂಗಳಾದ ಮೇಲೆ ಇ-ಪುಸ್ತಕ, ಆಡಿಯೋ ಪುಸ್ತಕದ ಕಡೆ ನೋಡಿ. ಕನ್ನಡಕ್ಕೆಂದೇ ಇರುವ ಮೈಲ್ಯಾಂಗ್, ಜೊತೆಗೆ ಗೂಗಲ್ ಪ್ಲೇ ಬುಕ್ಸ್ ಇವೆ. ಪುಣೆ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದ ನಮ್ಮ ಕಡೆಯವರಿಗೆ ಅಂಚೆಗಿಂತ ಇದೇ ಸಲೀಸು. ಪ್ರಕಾಶಕರ ಮೂಲಕ ಪುಸ್ತಕ ತಂದಿದ್ದರೆ ಈ ಎರಡರ ಹಕ್ಕು ಯಾರದೆಂದು ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡಿರಬೇಕು.

ಎರಡನೆಯ ಮುದ್ರಣ

ಮಾರಿದ ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಯಾರು, ಯಾವ ಊರು, ಹೇಗೆ ತಿಳಿಯಿತು, ರೊಕ್ಕ ಬಂತೋ ಇಲ್ಲವೋ. 'ಹೇಗೆ ತಿಳಿಯಿತು' ಎಂಬ ಕಾಲಂ ತುಂಬುತ್ತ ಹೋದಂತೆ ಯಾವ ಖರ್ಚು ದಂಡ, ಯಾವ ಮನುಷ್ಯ ಹತ್ತು ಪ್ರತಿ ಮಾರಿಸಿದ ಎಂಬುದು ಕಾಣುತ್ತದೆ. ಪುಸ್ತಕ ಮುಟ್ಟಿದ ಮೂರು ವಾರದ ಮೇಲೆ ಓದುಗರಿಗೆ ಒಂದು ಸಂದೇಶ ಹಾಕಿ, ಓದಿದಿರಾ ಎಂದಲ್ಲ, ಯಾವ ಕತೆ ಹಿಡಿಸಿತು ಎಂದು. ಉತ್ತರ ಬಂದರೆ ಅವರ ಒಪ್ಪಿಗೆ ಕೇಳಿ ಅದನ್ನೇ ಮುಂದಿನ ಪ್ರಚಾರಕ್ಕೆ ಬಳಸಿ, ಹೆಸರು ಊರಿನ ಸಮೇತ. ಮುಧೋಳದ ಒಬ್ಬ ಓದುಗರ ಎರಡು ಸಾಲು ಜಮಖಂಡಿಯ ಓದುಗರನ್ನು ನಂಬಿಸಿದಷ್ಟು ದೊಡ್ಡವರ ಬೆನ್ನುಡಿ ನಂಬಿಸುವುದಿಲ್ಲ.

ಕೈಯಲ್ಲಿ 40 ಪ್ರತಿ ಉಳಿದು, ಕೇಳಿಕೆ ವಾರಕ್ಕೆ ನಾಲ್ಕೈದರಂತೆ ಇನ್ನೂ ಬರುತ್ತಿದ್ದರೆ ಮುದ್ರಕರಿಗೆ ಫೋನ್ ಮಾಡಿ, 100 ಪ್ರತಿ ಮಾತ್ರ. ಅಷ್ಟರೊಳಗೆ ಓದುಗರು ತೋರಿಸಿಕೊಟ್ಟ ಅಚ್ಚಿನ ತಪ್ಪುಗಳ ಪಟ್ಟಿ ಸಿದ್ಧವಿರಲಿ. ಕಾಗುಣಿತ ತಿದ್ದಿ 'ಎರಡನೆಯ ಮುದ್ರಣ' ಎಂದು ಹಾಕಿದರೆ ಹಳೆಯ ಐಎಸ್‌ಬಿಎನ್ ನಡೆಯುತ್ತದೆ, ಬೆಲೆ ಬದಲಿಸಿದರೂ ಅಡ್ಡಿಯಿಲ್ಲ. ಹೊಸ ಕತೆ ಸೇರಿಸಿ ಪರಿಷ್ಕರಿಸಿದರೆ, ಅಥವಾ ಗಟ್ಟಿ ರಟ್ಟಿನ ಬೈಂಡ್ ಮಾಡಿಸಿದರೆ ಬೇರೆ ಸಂಖ್ಯೆ ಪಡೆಯಬೇಕು.